ಸುಮ್ನೆ ನಿಮ್ಮ ಕೆಲ್ಸ ಮಾಡ್ರಿ

ಕೆಲಸದಲ್ಲಿರುವ ಹೆಂಗಸರ ಮುಂದೆ ಕ್ಯಾಮೆರಾ ಹಿಡಿದು ನಿಂತು ನೋಡಿ, ಏನಾದರೊಂದು ಆಗದೆ ನೀವು ಮನೆಗೆ ಮರಳುವುದಿಲ್ಲ. ನಮಗಂತೂ ಭಾನುವಾರ ಬಂದರೆ ಆಗುತ್ತದೆ.

ನಾನು ದಾವಣಗೆರೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು. ಮಹಿಳಾ ದಿನದ ಪೋಸ್ಟರಿಗೆಂದು ಇಂಟರ್ನೆಟ್ಟಿನಲ್ಲಿ 'ರೈತ ಮಹಿಳೆ' ಅಂತ ಹುಡುಕಿದೆ. ತುಟಿಗೆ ಬಣ್ಣ ಬಳಿದ ಹುಡುಗಿಯೊಬ್ಬಳು ಭತ್ತದ ಸಸಿಯನ್ನು ಹೂಗುಚ್ಛದ ಹಾಗೆ ಹಿಡಿದು ನಗುತ್ತಿದ್ದಳು. 'ಶಿಕ್ಷಕಿ' ಅಂದರೆ ಯಾವುದೋ ದೇಶದ ಮೇಡಂ, ಕೈಯಲ್ಲಿ ಸೇಬು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಗೆಳತಿಗೆ ತೋರಿಸಿದೆ.

"ನಮ್ಮೂರ ಹೆಂಗಸ್ರು ಇದರಾಗೆ ಇಲ್ಲ ಅಂದ್ರೆ ನಾವೇ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕೋಣ. ಯಾರು ಬೇಕಾದ್ರೂ ಪುಕ್ಕಟೆ ಬಳಸ್ಲಿ," ಎಂದಳು.

ಅವಳ ಸ್ಕೂಟರ್, ನನ್ನ ಕ್ಯಾಮೆರಾ. ಸಂಬಳವಿಲ್ಲದ ಕೆಲಸ, ಹಾಗಾಗಿ ರಜೆಯೂ ಇಲ್ಲ.

ರೇಷ್ಮೆ ಸೀರೆ

ಮೊದಲು ಹೋಗಿದ್ದು ಮಂಡಕ್ಕಿ ಭಟ್ಟಿಗೆ. ಅಲ್ಲಿ ಒಬ್ಬ ಅಕ್ಕ ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಿದ್ದಳು. ಮುಖದ ಮೇಲೆ ಬೆಂಕಿಯ ಬೆಳಕು ಚೆನ್ನಾಗಿ ಬಿದ್ದಿತ್ತು. ಕ್ಯಾಮೆರಾ ಎತ್ತಿದರೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಈಗ ಬ್ಯಾಡ್ರಿ. ಮುಂದಿನ ವಾರ ಬರ್ರಿ, ಹೆಂಗೆ ಬೇಕೋ ಹಂಗೆ ತೆಗೀರಿ."

ಮುಂದಿನ ವಾರ ಹೋದರೆ ಕೆಂಪು ರೇಷ್ಮೆ ಸೀರೆ, ಪಕ್ಕದ ಮನೆಯಿಂದ ತಂದ ಸರ, ಮುಡಿ ತುಂಬ ಮಲ್ಲಿಗೆ. ಭಟ್ಟಿಯಿಂದ ಮಾರು ದೂರ ನಿಂತಿದ್ದಾಳೆ.

"ಅಕ್ಕಾ, ಸುಮ್ನೆ ನಿಮ್ಮ ಕೆಲ್ಸ ಮಾಡ್ರಿ, ನಾವು ತೆಗೀತೀವಿ."

"ಈ ಸೀರೆ ಉಟ್ಕಂಡು ಯಾರಾದ್ರೂ ಮಂಡಕ್ಕಿ ಹುರೀತಾರೇನ್ರಿ?"

"ಮತ್ತೆ ಹುರಿಯೋ ಫೋಟೋ?"

"ಅದಕ್ಕೆ ಸಾಹುಕಾರ್ರಿಗೆ ಹೇಳೀನಿ."

ತಿರುಗಿ ನೋಡಿದರೆ, ಅಂಗಿಯ ತೋಳು ಮಡಚಿಕೊಂಡು ಭಟ್ಟಿಯ ಸಾಹುಕಾರರು ಕಾದ ಮರಳಿನ ಮುಂದೆ ಆಗಲೇ ಬೆವರುತ್ತಿದ್ದರು.

ಬೆಳಕು ನಂದು

ನಂದಿಗುಡಿ ಕಡೆ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಸ್ಟೇರಿಂಗ್ ಹಿಡಿದು ಕೂತರೆ ರಾಣಿಯ ಹಾಗೆ ಕಾಣುತ್ತಾಳೆ. ಆದರೆ ನಾನು ಎಷ್ಟು ಸಲ ಒತ್ತಿದರೂ ಚಿತ್ರದಲ್ಲಿ ಗಂಡನೂ ಇರುತ್ತಿದ್ದ. ಒಮ್ಮೆ ಚಕ್ರದ ಪಕ್ಕ, ಒಮ್ಮೆ ಬದುವಿನ ಮೇಲೆ.

"ಅಣ್ಣಾರೆ, ಸ್ವಲ್ಪ ಆಚೆ ನಿಂತ್ಕಳ್ರಿ," ಅಂದೆ.

"ಯಾಕ್ರಿ? ಟ್ರ್ಯಾಕ್ಟರ್ ನಂದು."

ಹೆಂಡತಿ ಮೇಲಿನಿಂದಲೇ ಮೆಲ್ಲಗೆ ಹೇಳಿದಳು: "ಅವ್ರಿಗೆ ಏನಾರ ಕೆಲ್ಸ ಕೊಡ್ರಿ. ಖಾಲಿ ಕುಂದ್ರಂಗಿಲ್ಲ."

ಬೆಳಕು ತಿರುಗಿಸಲು ತಂದಿದ್ದ ಬಿಳಿ ಥರ್ಮಾಕೋಲ್ ಹಾಳೆಯನ್ನು ಅವನ ಕೈಗೆ ಕೊಟ್ಟೆವು. ಕೆಸರಿನಲ್ಲಿ ಮೊಣಕಾಲುದ್ದ ಇಳಿದು, "ಮುಖಕ್ಕೆ ಬೀಳ್ತೈತೇನ್ರಿ? ಇನ್ನೊಂಚೂರು ಏರಿಸ್ಲಾ?" ಎಂದು ಕೇಳುತ್ತ ಮಧ್ಯಾಹ್ನದವರೆಗೂ ಹಿಡಿದ. ಫೋಟೋ ಚೆನ್ನಾಗಿ ಬಂತು. ಈಗ ಊರಿನವರಿಗೆಲ್ಲ ಮೊಬೈಲ್ ತೋರಿಸಿ ಹೇಳುತ್ತಾನಂತೆ: "ಇದರಾಗೆ ಕುಂತಾಕಿ ನನ್ನ ಹೆಂಡ್ತಿ. ಬೆಳಕು ನಂದು."

ಒಪ್ಪಿಗೆ

ದಾವಣಗೆರೆಯದೇ ಎಂ.ಸಿ.ಸಿ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು ಖುಷಿಯಿಂದ ಒಪ್ಪಿದರು. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದ ಹಿರಿಯರನ್ನೂ ಗೆಳತಿ ವಿನಯದಿಂದ ಕೇಳಿದಳು: "ಫೋಟೋ ತೆಗೀಬಹುದಾ ಸರ್?"

"ಆಆ," ಎಂದರು.

ತೆಗೆದೆವು. ಬಾಯಿಗೆ ಬಿಡುವು ಸಿಕ್ಕ ಕೂಡಲೇ ಅವರು, "ಬ್ಯಾಡ ಬ್ಯಾಡ ಅಂತ ಆವಾಗಿಂದ ಹೇಳ್ತಾನೆ ಇದೀನಿ," ಎಂದರು.

ಅಷ್ಟನ್ನೂ ಅವರ ಎದುರಿಗೇ ಅಳಿಸಿದೆವು. ಡಾಕ್ಟರಮ್ಮ ಮಾತ್ರ ಪೆಚ್ಚಾಗಿದ್ದರು. "ನಾನು ಅದನ್ನ ನೋವು ಅಂದ್ಕೊಂಡು ಇನ್ನೊಂದು ಇಂಜೆಕ್ಷನ್ ಕೊಟ್ಟೆ."

ತಲೆನೋವು

ಹರಿಹರದಲ್ಲಿ ಹೈಸ್ಕೂಲಿನ ಗಣಿತದ ಮೇಡಂ ಒಬ್ಬರು ಬೋರ್ಡಿನ ಮುಂದೆ ಹುಬ್ಬು ಗಂಟಿಕ್ಕಿ, ಚಾಕ್‌ಪೀಸ್ ಚಾಚಿ ನಿಂತ ಚಿತ್ರ ನಮ್ಮ ಹೆಮ್ಮೆ. ಒಂದು ದಿನ ಅದೇ ಚಿತ್ರ ನನ್ನ ಮೊಬೈಲಿನಲ್ಲಿ ಜಾಹೀರಾತಾಗಿ ಬಂತು. ಕೆಳಗೆ ದಪ್ಪ ಅಕ್ಷರ: 'ತಲೆನೋವೇ? ಒಂದು ಮಾತ್ರೆ ಸಾಕು.'

ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟವರು ನಾವೇ. ಆದರೂ ಮರ್ಯಾದಸ್ಥ ಹೆಂಗಸು, ನಂಬಿ ನಿಂತಿದ್ದರು. ಬೈಸಿಕೊಳ್ಳಲು ಸಿದ್ಧರಾಗಿ ಹರಿಹರಕ್ಕೆ, ಅವರ ಮನೆಗೆ ಹೋದೆವು.

"ಕೂಡ್ರಿ," ಎಂದು ಮೇಡಂ ತಮ್ಮ ಮೊಬೈಲನ್ನು ನಮ್ಮ ಮುಂದಿಟ್ಟರು. ಆಗಲೇ ನೋಡಿದ್ದರು.

"ತಪ್ಪಾತ್ರಿ ಮೇಡಂ. ಅವರಿಗೆ ಬರೆದು ತೆಗೆಸ್ತೀವಿ," ಎಂದಳು ಗೆಳತಿ.

"ಅದಿರ್ಲಿ. ಈ ಫೋಟೋದಾಗೆ ತಲೆನೋವು ಯಾರಿಗೆ? ನನಗೋ, ಹುಡುಗ್ರಿಗೋ?"

ಅಷ್ಟರಲ್ಲಿ ಔಷಧಿ ಅಂಗಡಿಯವನು ಮೇಡಮ್ಮಿನ ಬಿ.ಪಿ. ಮಾತ್ರೆ ಕೊಡಲು ಬಂದ. ಅವರ ಹಳೇ ವಿದ್ಯಾರ್ಥಿ. ತಲೆಯಲ್ಲಿ ನಾಲ್ಕು ಬಿಳಿ ಕೂದಲು.

"ಮೇಡಂ, ಆ ತಲೆನೋವಿನ ಮಾತ್ರೆ ಭಾರೀ ಹೋಗ್ತೈತ್ರಿ. ನಮ್ಮ ಬ್ಯಾಚಿನೋರು ಬಂದು 'ಮೇಡಂ ಮಾತ್ರೆ ಕೊಡು' ಅಂತಾರೆ. ನಿಮ್ಮ ಫೋಟೋ ನೋಡಿದ್ರೆ ಸಾಕು, ಹಳೇದೆಲ್ಲ ನೆನಪಾಗಿ ತಲೆ ಹಿಡ್ಕಂತೈತಂತೆ," ಎಂದು ನಕ್ಕ.

ಮೇಡಂ ನಗಲಿಲ್ಲ. ಹುಬ್ಬು ಗಂಟಿಕ್ಕಿ ಅವನನ್ನೇ ನೋಡಿದರು.

"ಹದಿನೇಳರ ಮಗ್ಗಿ ಹೇಳು."

ಅವನ ನಗು ನಿಂತಿತು. ಕೈಕಟ್ಟಿ ನಿಂತು ಶುರು ಮಾಡಿದ. ಅರ್ಧದವರೆಗೆ ಹೇಗೋ ಬಂದ. ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ. ಮೇಡಂ ಕಾದರು. ಅವನು ಹಣೆ ಒರೆಸಿಕೊಂಡು ಮೆಲ್ಲಗೆ ಜೇಬಿಗೆ ಕೈಹಾಕಿ ಅದೇ ತಲೆನೋವಿನ ಮಾತ್ರೆ ತೆಗೆದ.

"ಮೇಡಂ, ಸ್ವಲ್ಪ ನೀರು ಕೊಡ್ರಿ."

ಮೇಡಂ ನೀರು ತರಲು ಎದ್ದರು. ಹೋಗುತ್ತ ನಮ್ಮ ಕಡೆ ತಿರುಗಿ ಹೇಳಿದರು: "ಆ ಜಾಹೀರಾತು ಇರ್ಲಿ ಬಿಡ್ರಿ. ಸುಳ್ಳೇನೂ ಹೇಳಿಲ್ಲ."