ಪರಪ್ಪನ ಅಸಲಿ ಚೀನೀ ಊಟ

ತಪ್ಪೆಲ್ಲ ಶ್ರೀಪಾಲನ ರೇಡಿಯೋದ್ದು. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಎದುರಿಗೆ ಶ್ರೀಪಾಲ ತನ್ನ ಚಹಾದ ಹೋಟೆಲಿಗೆ ರೇಡಿಯೋ ತಂದಿಟ್ಟ ದಿನದಿಂದ ಪಕ್ಕದ ಪರಪ್ಪನ ಖಾನಾವಳಿಗೆ ನೊಣಗಳನ್ನು ಬಿಟ್ಟರೆ ಬೇರೆ ಗಿರಾಕಿ ಇಲ್ಲದಂತಾಯಿತು. ಪರಪ್ಪನ ಹೆಂಡತಿ ಕಲ್ಲವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಒಂದು ಕಾಲದಲ್ಲಿ ಬಸ್ಸಿನ ಡ್ರೈವರುಗಳು ಓಡಿ ಬರುತ್ತಿದ್ದರು. ಈಗ ಆ ಸಪ್ಪಳ ಹಾಡಿನಲ್ಲಿ ಮುಳುಗಿಹೋಗಿತ್ತು. ಸಾಲದ್ದಕ್ಕೆ, ಎರಡೂ ಜಾಗದ ಮಾಲೀಕರಾದ ಬೆಲ್ಲದ ವ್ಯಾಪಾರಿ ರಾವಸಾಹೇಬರ ಹತ್ತಿರ ಶ್ರೀಪಾಲ ಖಾನಾವಳಿಯ ಜಾಗವನ್ನೂ ಕೇಳಿಟ್ಟಿದ್ದ. ರಾವಸಾಹೇಬರು ಹೂಂ ಅಂದಿರಲಿಲ್ಲ. ಊಹೂಂ ಅಂತಲೂ ಅಂದಿರಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿ ಹೇಳುವವರು ಕರೆಯದೆಯೇ ಬರುತ್ತಾರೆ. ಬಾಪೂಸಾಹೇಬ ಬಂದ. ಮುಂಬಯಿಗೆ ಹೋಗಿ ಬಂದವನು ಎಂಬುದೇ ಅವನ ಉದ್ಯೋಗ.

“ಮುಂಬೈದಾಗ ಮಂದಿ ಚೀನೀ ಊಟಕ್ಕ ಪಾಳಿ ಹಚ್ಚಿ ನಿಂದರತಾರ, ಪರಪ್ಪಣ್ಣ. ನೀ ಒಂದ ಬೋರ್ಡ್ ಹಾಕು. ಆಮ್ಯಾಲ ನೋಡು.”

ಆಗ ಊರಿನ ಗೋಡೆಗಳ ಮೇಲೆ ಹಿಂದಿ-ಚೀನಿ ಭಾಯಿ ಭಾಯಿ ಎಂದು ಬರೆದಿದ್ದ ಕಾಲ. ವ್ಯಾಪಾರಕ್ಕೆ ವ್ಯಾಪಾರ, ದೇಶಸೇವೆಗೆ ದೇಶಸೇವೆ ಎಂದುಕೊಂಡ ಪರಪ್ಪ ಮರುದಿನ ಬೆಳಿಗ್ಗೆಯೇ ‘ಅಸಲಿ ಚೀನೀ ಊಟ ಸಿಗುತ್ತದೆ’ ಎಂಬ ಬೋರ್ಡನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಸಿ ಬಾಗಿಲ ಮೇಲೆ ಹೊಡೆದ. ಊಟ ಏನೆಂಬುದನ್ನು ಅವನು ಬೋರ್ಡ್ ಹಾಕಿದ ಮೇಲೆ ವಿಚಾರಿಸಿದ.

ಉದ್ದುದ್ದ ಎಳೆಗಳು ಇರುತ್ತವೆ, ಜೊತೆಗೆ ಕೋಬಿ, ಅಂದರೆ ಎಲೆಕೋಸು, ಇರುತ್ತದೆ ಎಂದು ಬಾಪೂಸಾಹೇಬ ಹೇಳಿದ. ನೀನು ಉಂಡಿದ್ದೀಯಾ ಎಂದು ಕಲ್ಲವ್ವ ಕೇಳಿದ್ದಕ್ಕೆ, ಹೊರಗೆ ನಿಂತು ಕಿಟಕಿಯ ಗಾಜಿನಿಂದ ಬಹಳ ಹೊತ್ತು ನೋಡಿದ್ದೇನೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಕಲ್ಲವ್ವ ಬೇಸಿಗೆಯಲ್ಲಿ ಹೊಸೆದು ಹೊರಸಿನ ಮೇಲೆ ಒಣಗಿಸಿಟ್ಟ ಶಾವಿಗೆಯ ಡಬ್ಬಿ ಇಳಿಸಿದಳು. ಶಾವಿಗೆ ಬೇಯಿಸಿ ಬಸಿದು, ಕೋಬಿ, ಹಸಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಳು. ಕೊನೆಗೆ ಹುರಿದು ಕುಟ್ಟಿದ ಗುರೆಳ್ಳಿನ ಪುಡಿಯನ್ನು ಹಿಡಿ ತುಂಬ ಉದುರಿಸಿದಳು. ಚೀನಾದಲ್ಲಿ ಗುರೆಳ್ಳು ಇಲ್ಲ ಎಂದು ಬಾಪೂಸಾಹೇಬ ತಕರಾರು ತೆಗೆದ.

“ಗುರೆಳ್ಳ ಇಲ್ಲದ ಶ್ಯಾವಿಗಿ ನಮ್ಮ ತವರಾಗ ದನಾನೂ ಮೂಸೂದಿಲ್ಲ,” ಎಂದಳು ಕಲ್ಲವ್ವ. ಅಲ್ಲಿಗೆ ಚೀನಾದ ಮಾತು ಮುಗಿಯಿತು.

ಕೆಲಸ ಕೆಡಿಸಿದವಳು ಎದುರುಮನೆಯ ಚಂಪಾಬಾಯಿ. ಯಾರನ್ನೇ ಕಂಡರೂ ಯಾವೂರು, ಯಾರ ಪೈಕಿ, ತಾಯಿಯ ತವರು ಯಾವುದು ಎಂದು ಕೇಳದೆ ಬಿಟ್ಟ ಮುದುಕಿಯಲ್ಲ ಅವಳು. ಹೊಸದಾಗಿ ಬಂದ ಫೌಜದಾರನ ತಾಯಿಯ ತವರೂ ಅವಳ ನಾಲಿಗೆಯ ತುದಿಯಲ್ಲಿತ್ತು. ಬೋರ್ಡ್ ನೋಡಿದ ಅವಳು, ಚೀನಾದವರು ಕಪ್ಪೆ ತಿನ್ನುತ್ತಾರಂತೆ ಎಂದು ಬಾವಿಯ ಹತ್ತಿರ ಒಂದು ಮಾತು ಬಿಟ್ಟಳು. ಮಾತು ಮೆಣಸಿನಕಾಯಿ ಪೇಟೆ ಮುಟ್ಟುವಷ್ಟರಲ್ಲಿ, ಪರಪ್ಪ ಕಂದೀಲು ಹಿಡಿದು ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಕಪ್ಪೆ ಹಿಡಿಯುತ್ತಿದ್ದುದನ್ನು ಕಣ್ಣಾರೆ ಕಂಡವರೇ ನಾಲ್ಕಾರು ಮಂದಿಯಾಗಿದ್ದರು. ಮಧ್ಯಾಹ್ನ ಊಟಕ್ಕೆ ಕೂತಿದ್ದ ಒಬ್ಬನೇ ಒಬ್ಬ ಗಿರಾಕಿ ಕೈ ಕೂಡ ತೊಳೆಯದೆ ಓಡಿಹೋದ.

ಆಮೇಲೆ ರಾವಸಾಹೇಬರೇ ಬಂದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕೈಯಲ್ಲಿ ಬೆಳ್ಳಿಯ ಹಿಡಿಕೆಯ ಬಡಿಗೆ. ಬಡಿಗೆಯಿಂದ ಬೋರ್ಡನ್ನು ತೋರಿಸಿದರು.

“ಇದು ಖರೆ ಇದ್ರ ನನ್ನ ಜಾಗಾದಾಗ ಕಪ್ಪಿ ಬೇಯಾಕತ್ತೈತಿ. ಸುಳ್ಳ ಇದ್ರ ನನ್ನ ಜಾಗಾದಾಗ ಸುಳ್ಳ ಬೇಯಾಕತ್ತೈತಿ. ನನಗ ಎರಡೂ ಬ್ಯಾಡ. ಜಾಗಾ ಖಾಲಿ ಮಾಡು.”

ಆ ಖಾನಾವಳಿ ಬಿಟ್ಟರೆ ಪರಪ್ಪನಿಗೆ ಬೇರೆ ದಾರಿ ಇರಲಿಲ್ಲ. ಇದು ಚೀನೀ ಊಟವೇ, ಆದರೆ ಕಪ್ಪೆ ಇಲ್ಲದ ಚೀನೀ ಊಟ ಎಂದು ತೊದಲಿದ. ಅದನ್ನು ಯಾರು ಹೇಳಬೇಕು ಎಂದು ರಾವಸಾಹೇಬರು ಕೇಳಿದರು. ಚೀನಾದವರೇ ಹೇಳಬೇಕು ಎಂದು ಬಾಪೂಸಾಹೇಬ ನಡುವೆ ಬಾಯಿ ಹಾಕಿದ. ಸರಿ, ದೀಪ ಹಚ್ಚುವುದರೊಳಗೆ ಒಬ್ಬ ಚೀನಾದವನನ್ನು ಕರೆತಂದು ಹೇಳಿಸು, ಇಲ್ಲವಾದರೆ ಕೀಲಿಕೈ ಕೊಡು ಎಂದು ರಾವಸಾಹೇಬರು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಗಡಹಿಂಗ್ಲಜದಲ್ಲಿ ಸಂಜೆಯೊಳಗೆ ಚೀನಾದವನನ್ನು ಹುಡುಕುವುದೆಂದರೆ ಹೋರಿಯ ಹಾಲು ಹಿಂಡಿದಂತೆಯೇ. ಪರಪ್ಪ ಮೂಲೆಯಲ್ಲಿ ಕೂತು ಮನೆದೇವರನ್ನು ನೆನೆಯತೊಡಗಿದ.

ದೇವರು ಬೆಳಗಾವಿ ಬಸ್ಸಿನಲ್ಲಿ ಕಳಿಸಿದ. ಇಳಿಹೊತ್ತಿನ ಬಸ್ಸಿನಿಂದ ರೇಶ್ಮೆ ಬಟ್ಟೆಯ ಗಂಟು ಹೊತ್ತ ಒಬ್ಬ ಮನುಷ್ಯ ಇಳಿದ. ಸಣ್ಣ ಕಣ್ಣು, ಚಪ್ಪಟೆ ಮೂಗು, ಬೆಳ್ಳಗಿನ ದುಂಡು ಮುಖ. ಅವನ ಎರಡನೆಯ ಕಾಲು ನೆಲ ಮುಟ್ಟುವ ಮೊದಲೇ ಬಾಪೂಸಾಹೇಬ ಗಂಟು ಕಸಿದುಕೊಂಡಿದ್ದ. ಇನ್ನಿಬ್ಬರು ರಟ್ಟೆ ಹಿಡಿದಿದ್ದರು.

“ಎಳೀಬ್ಯಾಡ್ರಿ, ಮುಂಜಾನಿಂದ ಉಂಡಿಲ್ಲ. ಊಟ ಅಂದ್ರ ನಾನ ಬರತೇನಿ,” ಎಂದ ಆ ಮನುಷ್ಯ.

ಚೀನಾದವನು ಹೀಗೆ ಕನ್ನಡ ಮಾತಾಡಿದ್ದಕ್ಕೆ ಯಾರೂ ಬೆರಗಾಗಲಿಲ್ಲ. ಭಾಯಿ ಭಾಯಿ ಅಂದಮೇಲೆ ಭಾಷೆ ಬಂದೇ ಬರುತ್ತದೆ ಎಂದು ಬಾಪೂಸಾಹೇಬ ಎಲ್ಲರಿಗೂ ಸಮಾಧಾನ ಹೇಳಿದ. ಬಂದವನ ಹೆಸರು ಚಾಂಗ್. ಅವನನ್ನು ಮಣೆಯ ಮೇಲೆ ಕೂರಿಸಿ ಕಲ್ಲವ್ವ ತಾಟಿನ ತುಂಬ ಬಡಿಸಿದಳು. ಅರ್ಧ ಊರು ಬಾಗಿಲಿನಲ್ಲಿ ನಿಂತು ಅವನ ಬಾಯಿಯನ್ನೇ ನೋಡುತ್ತಿತ್ತು. ಪರಪ್ಪ ಮಾತ್ರ ಕಣ್ಣು ಮುಚ್ಚಿಕೊಂಡಿದ್ದ.

ಚಾಂಗ್ ಒಂದು ತುತ್ತು ತಿಂದ. ನಿಲ್ಲಿಸಿದ. ಇನ್ನೊಂದು ತುತ್ತು ತಿಂದ. ಅವನ ಕಣ್ಣಲ್ಲಿ ನೀರು ಬಂತು.

“ಅಗದಿ ನಮ್ಮವ್ವನ ಕೈ ರುಚೀನ ಐತ್ರಿ,” ಎಂದ.

ಬಾಗಿಲಲ್ಲಿ ಜಯಕಾರವಾಯಿತು. ಬಾಪೂಸಾಹೇಬ ತಾನೇ ಚೀನಾ ಗೆದ್ದವನಂತೆ ಎದೆ ಉಬ್ಬಿಸಿದ. ರಾವಸಾಹೇಬರು ಕೂಡ ತಲೆದೂಗಿ, ಖರೆ ಅಂದಮೇಲೆ ಖರೆ, ಪರಪ್ಪ ಇಲ್ಲೇ ಇರಲಿ ಎಂದರು. ಪರಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ ಅವನು ಚಂಪಾಬಾಯಿಯನ್ನು ಮರೆತ. ಮುದುಕಿ ಗುಂಪನ್ನು ಸೀಳಿಕೊಂಡು ಒಳಗೆ ಬಂದು, ಚಾಂಗನ ಎದುರಿಗೆ ಕುಳಿತು, ದಿನಾ ಎಲ್ಲರಿಗೂ ಕೇಳುವುದನ್ನೇ ಕೇಳಿದಳು.

“ನಿಮ್ಮವ್ವನ ತವರ ಯಾವೂರೋ ತಮ್ಮಾ?”

“ಕೋವಾಡ ಬೇ, ಆಯಿ.”

ಕೋವಾಡವೆಂದರೆ ಅದೇ ಸೀಮೆಯ ಒಂದು ಊರು. ಜಯಕಾರ ನಿಂತು ಪಕ್ಕದ ಹೋಟೆಲಿನ ರೇಡಿಯೋ ಸ್ಪಷ್ಟವಾಗಿ ಕೇಳಿಸಿತು. ತಂದೆ ಚೀನಾದಿಂದ ರೇಶ್ಮೆ ಮಾರಲು ಬಂದವರು, ಕೋವಾಡದ ಸಂತೆಯಲ್ಲಿ ತಾಯಿಯನ್ನು ಕಂಡು ಈ ಕಡೆಯೇ ಉಳಿದರು, ಅವಳ ಕೈಯ ಊಟ ಹತ್ತಿದ ಮೇಲೆ ತಮ್ಮೂರಿನ ಊಟ ಮರೆತರು ಎಂದು ಚಾಂಗ್ ಉಣ್ಣುತ್ತಲೇ ಹೇಳಿದ. ಚೀನೀ ಊಟ ಹೇಗಿರುತ್ತದೆ ಎಂಬುದನ್ನು ಅವನು ಕಿಟಕಿಯಿಂದಲೂ ನೋಡಿರಲಿಲ್ಲ.

“ಅಯ್ಯ, ನನ್ನ ತವರೂ ಕೋವಾಡನ,” ಎಂದು ಕಲ್ಲವ್ವ ಸೌಟು ಹಿಡಿದೇ ಹೊರಗೆ ಬಂದಳು. “ಹಂಗಾರ ನೀ ನನ್ನ ಅಕ್ಕನ ಮಗ ಆದಿ.” ಇನ್ನೊಂದು ಸೌಟು ಶಾವಿಗೆ ಅವನ ತಾಟಿಗೆ ಬಿತ್ತು.

ರಾವಸಾಹೇಬರು ಬಡಿಗೆ ಊರಿ ಎದ್ದರು. ಕೋವಾಡದ ಊಟಕ್ಕೆ ಚೀನಾದ ಬೋರ್ಡ್ ನಡೆಯುವುದಿಲ್ಲ, ಇಳಿಸು ಎಂದರು. ಪರಪ್ಪ ಸ್ಟೂಲ್ ಹತ್ತಿ ಒಂದು ಮೊಳೆ ಕಿತ್ತ. ಎರಡನೆಯದಕ್ಕೆ ಕೈ ಹಾಕಿದಾಗ ಚಾಂಗ್ ಕೈ ತೊಳೆಯುತ್ತ, ಗಂಟು ಹೊತ್ತು ಹೊತ್ತು ಬೆನ್ನು ಸೋತಿದೆ, ಇಂಥ ಊಟ ಸಿಗುವ ಕಡೆ ಒಂದು ಸಣ್ಣ ಜಾಗ ಸಿಕ್ಕರೆ ಕೂತುಬಿಡುತ್ತೇನೆ ಎಂದ. ರಾವಸಾಹೇಬರು ಅವನ ಮುಖ ನೋಡಿದರು. ಬೋರ್ಡ್ ನೋಡಿದರು. ಮತ್ತೆ ಮುಖ ನೋಡಿದರು.

“ಪರಪ್ಪಾ, ಮೊಳಿ ಹೊಡಿ,” ಎಂದರು. “ಗಲ್ಲಾದ ಮ್ಯಾಲ ಇವ ಕುಂದರಲಿ. ಹೋಟೆಲ್ ಚೀನಾದವಂದು ಅಂದಮ್ಯಾಲ ಊಟಾನೂ ಚೀನಾದ್ದ. ಇದರಾಗ ಸುಳ್ಳೇನ ಬಂತು?”

ಅಡಿಗೆ ಚಿಗವ್ವ ಕಲ್ಲವ್ವನೇ ಮಾಡಬೇಕು ಎಂಬುದು ಚಾಂಗನ ಒಂದೇ ಶರತ್ತು. ಪರಪ್ಪ ಬಾಯಿ ತೆರೆಯುವ ಮೊದಲೇ ಅವಳು ಒಪ್ಪಿಯಾಗಿತ್ತು. ಬೆಳಿಗ್ಗೆಯಿಂದ ಗಂಡನ ಬೋರ್ಡಿಗೆ ತುಂಬದ ಖಾನಾವಳಿಯಲ್ಲಿ ಆಗಲೇ ಊಟಕ್ಕೆ ಎರಡು ಪಂಕ್ತಿ ಕೂತಿತ್ತು.

“ಮತ್ತ ನಾ ಏನ ಮಾಡಲಿ?” ಎಂದ ಪರಪ್ಪ, ಸ್ಟೂಲಿನ ಮೇಲಿನಿಂದಲೇ.

ಚಾಂಗ್ ಪ್ರೀತಿಯಿಂದ ರೇಶ್ಮೆಯ ಗಂಟನ್ನು ಅವನ ಕಡೆ ಸರಿಸಿದ. “ಕಾಕಾ, ಧಂದೆ ನಿಂದರಬಾರದಲ್ಲ. ನೀವ ತಿರಗರಿ. ಇಚಲಕರಂಜಿ ಕಡೆ ಭಾಳ ಹೋಗತೈತಿ.”

ಇದು ಚೀನಾದ ರೇಶ್ಮೆಯೇ ಎಂದು ಪರಪ್ಪ ಮೆಲ್ಲಗೆ ಕೇಳಿದ. ಬೆಂಗಳೂರಿನದು, ಆದರೆ ನನ್ನ ಮುಖ ನೋಡಿದ ಮೇಲೆ ಯಾರೂ ಕೇಳಿಲ್ಲ ಎಂದ ಚಾಂಗ್.

ಮರುದಿನ ಮೊದಲ ಬಸ್ಸಿಗೆ ಪರಪ್ಪ ಹೊರಟ. ಗಂಟಿನ ಜೊತೆ ಕಲ್ಲವ್ವ ಕಟ್ಟಿಕೊಟ್ಟ ಶಾವಿಗೆಯ ಬುತ್ತಿ ಇತ್ತು. ಹೋಗಲಿ ಬಿಡು, ಖಾನಾವಳಿ ಉಳಿಯಿತು, ರೊಟ್ಟಿಯ ಸಪ್ಪಳ ಉಳಿಯಿತು, ಇವತ್ತು ಇದನ್ನಿಷ್ಟು ಮಾರಿದರೆ ನನ್ನ ದಿನವೂ ಬಂದೀತು ಎಂದು ದಾರಿಯುದ್ದಕ್ಕೂ ಮನಸ್ಸು ಹಗುರ ಮಾಡಿಕೊಂಡ. ಇಚಲಕರಂಜಿಯ ಪಕ್ಕದ ಕಬನೂರದಲ್ಲಿ ಮಗ್ಗಗಳ ಖಟಖಟದ ನಡುವೆ ಮೊದಲ ಮನೆಯ ಬಾಗಿಲಲ್ಲಿ ನಿಂತು, ಅಸಲಿ ಚೀನಾ ರೇಶ್ಮೆ ಎಂದು ಗಂಟಲು ತೆಗೆದು ಕೂಗಿದ.

ಒಬ್ಬ ಮುದುಕಿ ಹೊರಗೆ ಬಂದು ಬಟ್ಟೆಯನ್ನು ಮುಟ್ಟಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು ಪರಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು.

“ರೇಶ್ಮಿ ಛಲೋ ಐತಿ,” ಎಂದಳು. “ಆದ್ರ ನಿನ್ನ ಮಾರಿ ಚೀನಾದವರಂಗ ಇಲ್ಲಲ್ಲೋ, ಯಪ್ಪಾ.”