ಲಾಕರಿನೊಳಗೆ ಕರಗಿದ ಎಂಬತ್ತನಾಲ್ಕು ಪರ್ಸೆಂಟ್

ಮೀಟರ್ ಓದುವುದೇ ಹೊಟ್ಟೆಪಾಡಾದ ಮನುಷ್ಯನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ: ಅವನು ಯಾವ ಮೀಟರನ್ನೂ ನಂಬುವುದಿಲ್ಲ. ವಡೋದರಾದ ಹೊರಗೆ, ಕೊಯಾಲಿ ಕಡೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒತ್ತಡದ ಮುಳ್ಳು, ಉಷ್ಣಾಂಶದ ಮುಳ್ಳು ನೋಡಿಕೊಂಡಿರುವ ನಾನು ಮನೆಯಲ್ಲೂ ಹಾಗೆಯೇ. ಥರ್ಮಾಮೀಟರ್ ಜ್ವರ ತೋರಿಸಿದರೆ ಮಾತ್ರೆ ಕೊಡುವ ಬದಲು ಇನ್ನೊಂದು ಥರ್ಮಾಮೀಟರ್ ತರುತ್ತೇನೆ. ಹೆಂಡತಿ ಸುಮಿತ್ರಾ ಇದನ್ನು ನೆಂಟರ ಮುಂದೆಲ್ಲ ಹೇಳಿ ನನ್ನ ಮಾನ ಹರಾಜು ಹಾಕಿದ್ದಾಳೆ.

ಇಂಥ ನನಗೇ ಮೊಬೈಲಿನ ಬ್ಯಾಟರಿ ಕೈಕೊಟ್ಟಿತು. ನಮ್ಮ ಕಾರ್ಖಾನೆಯಲ್ಲಿ ಫೋನನ್ನು ಒಳಗೆ ಒಯ್ಯುವಂತಿಲ್ಲ. ಗೇಟಿನ ಪಕ್ಕದ ಕಬ್ಬಿಣದ ಲಾಕರಿನಲ್ಲಿಟ್ಟು ಹೋಗಬೇಕು. ಬೆಳಿಗ್ಗೆ ಇಡುವಾಗ ತೊಂಬತ್ತೊಂದು, ಸಂಜೆ ತೆಗೆದರೆ ಏಳು. ಯಾರೂ ಮುಟ್ಟದ ಫೋನು ಒಳಗೆ ಕೂತು ಮಾಡುವುದಾದರೂ ಏನು?

ಹಾಳಾಗಿ ಹೋಗಲಿ ಎನ್ನುವಂತಿರಲಿಲ್ಲ. ಮಗಳು ಚೈತ್ರಾ ಸೂರತ್‌ನ ಉಧ್ನಾದಲ್ಲಿ ಸೀರೆಗಳ ಡಿಸೈನ್ ಮಾಡುತ್ತಾಳೆ. ಅವಳ ಚಹಾ ವಿರಾಮ, ನನ್ನನ್ನು ಮನೆಗೆ ಒಯ್ಯುವ ಬಸ್ಸು, ಎರಡೂ ಒಂದೇ ಹೊತ್ತಿಗೆ. ಸೋಮವಾರ ಅವಳು, "ಪಪ್ಪಾ, ಒಂದು ವಾತ್ ಹೇಳೋದಿದೆ, ಮುಖ್ಯ ವಿಷಯ. ಮಮ್ಮಿಗೆ ಈಗ್ಲೇ ಬೇಡ, ಫಸ್ಟ್ ನಿಮಗೆ," ಎಂದಳು. ಫೋನ್ ಸತ್ತಿತು. ಮಂಗಳವಾರ ಪೀಠಿಕೆಯಲ್ಲೇ ಸತ್ತಿತು. ಬುಧವಾರ ಹಲೋ ಎನ್ನುವಷ್ಟರಲ್ಲಿ. ಮನೆಯಲ್ಲಿ ಚಾರ್ಜಿಗೆ ಹಾಕಿ ಮಾತಾಡೋಣವೆಂದರೆ ಸುಮಿತ್ರಾ ಪಕ್ಕದಲ್ಲೇ. ಮೆಸೇಜ್ ಮಾಡೆಂದರೆ ಅದು ಬರೆಯುವಂಥದ್ದಲ್ಲವಂತೆ. ಕೆಲಸ ಬಿಟ್ಟಳೋ, ಹುಡುಗನನ್ನು ನೋಡಿಕೊಂಡಳೋ? ಆದರೂ ಮೊದಲು ಅಪ್ಪನಿಗೇ ಎಂದಳಲ್ಲ, ಒಳಗೊಳಗೇ ಉಬ್ಬಿಹೋಗಿದ್ದೆ.

ಬೇರೆಯವರಾದರೆ ರಿಪೇರಿ ಅಂಗಡಿಗೆ ಹೋಗುತ್ತಿದ್ದರು. ನಾನು ಲಾಗ್ ಶೀಟ್ ಗೀಚಿದೆ: ತಾರೀಖು, ಇಟ್ಟಾಗ ಎಷ್ಟು, ತೆಗೆದಾಗ ಎಷ್ಟು. ಬರೆದವರ ಸಹಿಯೂ ನನ್ನದೇ, ಪರಿಶೀಲಿಸಿದವರ ಸಹಿಯೂ ನನ್ನದೇ. ಅಂಕಿಯೇ ಸುಳ್ಳಿರಬೇಕೆಂದು ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿಸಿ ನೋಡಿದೆ. ಅಂಕಿ ಸತ್ಯವಂತ. ಆಮೇಲೆ ಗೇಟಿನ ಕಾವಲುಗಾರ ಕಾಂತಿಭಾಯಿಯ ಮೇಲೆ ಗುಮಾನಿ ಬಂತು. ಗುರುವಾರ ಲಾಕರಿನ ಬಾಗಿಲಿಗೆ ಗುಟ್ಟಾಗಿ ಸೆಲೋಟೇಪ್ ಅಂಟಿಸಿ ಹೋದೆ. ಸಂಜೆ ಟೇಪ್ ಅಂಟಿಸಿದಂತೆಯೇ ಇತ್ತು. ಪಾಪ, ಬಾಗಿಲು ಸಡಿಲವಾಗಿದೆಯೇ ಸಾಹೇಬ್, ಫಿಟ್ಟರ್‌ಗೆ ಹೇಳಲೇ ಎಂದು ಕಾಂತಿಭಾಯಿಯೇ ಕೇಳಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಂದು ಮನೆಯಲ್ಲಿ ಸೆಟ್ಟಿಂಗ್ಸ್ ತೆರೆದು, ಬ್ಯಾಟರಿಯನ್ನು ಯಾರು ಯಾರು ತಿಂದರೆಂಬ ಪಟ್ಟಿ ನೋಡಿದೆ. ಸೋಮವಾರವೇ ನೋಡಬಹುದಿತ್ತು, ಇರಲಿ. ವಾಟ್ಸಾಪ್, ಪರದೆ ಎಲ್ಲ ಕೆಳಗಿದ್ದವು. ಎಲ್ಲಕ್ಕಿಂತ ಮೇಲೆ ಮೊಬೈಲ್ ನೆಟ್‌ವರ್ಕ್. ಕಬ್ಬಿಣದ ಪೆಟ್ಟಿಗೆಯೊಳಗೆ ಸಿಗ್ನಲ್ ಸಿಗದೆ ಆ ಹಳೇ ಫೋನು ದಿನವಿಡೀ ಟವರ್ ಹುಡುಕಿ ಹುಡುಕಿ ಸುಸ್ತಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಈ ಸಂಶೋಧನೆಯನ್ನು ಕಾಂತಿಭಾಯಿಗೆ ವಿವರಿಸಿದೆ. ಅವನು ಲಾಕರಿನ ಮೇಲಿನ ಬೋರ್ಡಿನತ್ತ ಬೆರಳು ತೋರಿಸಿದ. ಫೋನ್ ಸ್ವಿಚ್ ಆಫ್ ಮಾಡಿ ಇಡಿ ಎಂದು ಗುಜರಾತಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದಿತ್ತು. ಹೊಸಬರಿಗೆ ಆ ನಿಯಮ ಬೋಧಿಸುವವನು ನಾನೇ.

ಆಫ್ ಮಾಡಿಟ್ಟೆ. ಸಂಜೆ ತೊಂಬತ್ತು. ಬಸ್ಸಿನಲ್ಲಿ ಕೂತವನೇ ಚೈತ್ರಾಗೆ ಫೋನ್ ಹಚ್ಚಿದೆ. ಗೆದ್ದ ಖುಷಿ ತಡೆಯಲಾಗಲಿಲ್ಲ. ಲಾಗ್ ಶೀಟಿನಿಂದ ಹಿಡಿದು ಸೆಲೋಟೇಪು, ಟವರು, ಬೋರ್ಡಿನವರೆಗೆ ಒಂದೂ ಬಿಡದೆ ಹೇಳಿದೆ. ಆ ಕಡೆಯಿಂದ ಹಾ ಪಪ್ಪಾ, ಹಾ ಪಪ್ಪಾ ಎಂದು ಕೇಳುತ್ತಲೇ ಇತ್ತು. ಬಸ್ಸು ನಮ್ಮ ಕಾಲೊನಿಯತ್ತ ತಿರುಗುವಾಗ ನೆನಪಾಗಿ, ಅದೇನೋ ಹೇಳಬೇಕೆಂದಿದ್ದೆಯಲ್ಲ ಎಂದು ಕೇಳಿದೆ.

"ಬ್ರೇಕ್ ಮುಗೀತು ಪಪ್ಪಾ. ಮಮ್ಮಿಗೇ ಹೇಳ್ತೀನಿ," ಎಂದಳು.

ರಾತ್ರಿ ಊಟಕ್ಕೆ ಮುಂಚೆ ಸುಮಿತ್ರಾಳ ಫೋನ್ ರಿಂಗಾಯಿತು. ಅವಳು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಅರ್ಧ ಗಂಟೆ ಕೇಳಿದಳು, ಬರೀ ಕೇಳಿದಳು. ನಗುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಏನಂತೆ ಎಂದೆ.

"ಒಳ್ಳೇ ಸುದ್ದೀನೇ. ನಾಡಿದ್ದು ಬರ್ತಾಳೆ. ನೀವು ಸುಮ್ನೆ ಕೂತ್ರೆ ಅವಳೇ ಹೇಳ್ತಾಳಂತೆ."

ಇವತ್ತು ಶನಿವಾರ. ಸುಮ್ಮನೆ ಕೂರುವುದನ್ನು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಇಷ್ಟನ್ನು ನಿಮ್ಮ ಹತ್ತಿರ ಹೇಳಿಕೊಂಡದ್ದು ಬಿಟ್ಟರೆ ಇನ್ನೂ ತುಟಿ ಬಿಚ್ಚಿಲ್ಲ.