ಬೇಲಿ ಹಾರುತ್ತಿದ್ದ ರಾಣಿ

ಕುದುರೆ ಹತ್ತಿ ಬದುಕುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಚೆನ್ನೈಯಲ್ಲಿ ನಾನು ಜಾಕಿಯಾಗಿದ್ದಷ್ಟು ಕಾಲವೂ ಅದೇ ಕತೆ. ಹೆಚ್ಚಿನದೆಲ್ಲ ರಾಣಿ ಎಂಬ ಕಂದು ಕುದುರೆಯ ಕೃಪೆ.

೧. ಎಳನೀರು

ರಾಣಿಯ ಯಜಮಾನರು ಅಡ್ಯಾರಿನಲ್ಲಿ ಹೋಟೆಲು ಇಟ್ಟಿದ್ದ ಕುಂದಾಪುರದವರು. ಸಾದಾ ಓಟದಲ್ಲಿ ಅವಳು ಸದಾ ಕೊನೆ. ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ಅವಳು ನನ್ನನ್ನೂ ಹೊತ್ತು ಎದೆಮಟ್ಟದ ಬೇಲಿ ಹಾರಿ, ಎಳನೀರಿನ ಗಾಡಿಯ ಪಕ್ಕ ಇಳಿದಳು. ಗಾಡಿಯವನು ಕತ್ತಿ ಎತ್ತಿಕೊಂಡು, ಎಷ್ಟು ಕೆತ್ತಲಿ ಎಂದು ತಮಿಳಿನಲ್ಲಿ ಕೇಳಿದ: "ಒಣ್ಣಾ, ರೆಂಡಾ ಸಾರ್?"

ವಿಷಯ ತಿಳಿದ ಯಜಮಾನರು, "ಅವಳಿಗೆ ಬರೀ ಓಡ್ಲಿಕ್ಕೆ ಬೇಜಾರು ಮಾರಾಯ, ಹಾರಿಸು" ಅಂದರು. ಹಾಗೆ ನಾವು ಬೇಲಿ ಹಾರುವ ಓಟಕ್ಕೆ ಬಂದದ್ದು.

೨. ಅಮ್ಮನ ಪ್ರಶ್ನೆ

ಆಮೇಲೆ ಹೋದ ಊರಲ್ಲೆಲ್ಲ ಗೆದ್ದೆವು. ಗಾಳಿಯಲ್ಲಿರುವ ಆ ಒಂದು ಕ್ಷಣ ಭೂಮಿಯ ಸದ್ದೇ ಇರುವುದಿಲ್ಲ. ಈಗಲೂ ಕನಸಿನಲ್ಲಿ ಬರುತ್ತದೆ. ದೊಡ್ಡ ಕಪ್ ಗೆದ್ದ ದಿನ ಮನೆಗೆ ಫೋನು ಮಾಡಿದೆ.

"ಬಿದ್ಯಾ?" ಅಂದರು ಅಮ್ಮ.

"ಗೆದ್ದೆ ಅಮ್ಮ!"

"ಅದು ಇರ್ಲಿ. ಬಿದ್ಯಾ?"

೩. ಯಾವ ಟೀಮು?

ಕಾಲಿನ ನರಕ್ಕೆ ಪೆಟ್ಟಾಗಿ ರಾಣಿಯ ಓಟ ನಿಂತಿತು. ಬೇರೆ ಕುದುರೆ ಹತ್ತಲು ಮನಸ್ಸಾಗದೆ ನಾನೂ ಬಿಟ್ಟೆ. ಅವಳನ್ನು ಸವಾರಿ ಶಾಲೆಯೊಂದರಲ್ಲಿ ಇಟ್ಟರು. ಪಕ್ಕದ ಮೈದಾನದಲ್ಲಿ ಕ್ರಿಕೆಟ್ ನಡೆದು ಜನ ಕೂಗಿದರೆ ಸಾಕು, ಕಿವಿ ನಿಮಿರಿಸಿ ಬೇಲಿಯುದ್ದಕ್ಕೂ ಹೆಜ್ಜೆ ಹಾಕುತ್ತಿದ್ದಳು.

"ಇದು ಯಾವ ಟೀಮಿನ ಕಡೆ?" ಎಂದು ಒಂದು ದಿನ ನಾನು ಅವಳನ್ನು ನೋಡಲು ಹೋಗಿದ್ದಾಗ ಅಲ್ಲಿನ ಕಾವಲುಗಾರ ಕೇಳಿದ.

"ಯಾರು ಗೆದ್ರೂ ಚಪ್ಪಾಳೆ ತನಗೇ ಅಂದ್ಕೊಳ್ತಾಳೆ" ಅಂದೆ. ಇಬ್ಬರೂ ನಕ್ಕೆವು. ಆದರೂ ಆಟ ಮುಗಿಯುವವರೆಗೆ ನನಗೆ ಅಲ್ಲಿಂದ ಏಳಲಾಗಲಿಲ್ಲ.

೪. ಮದುಮಗನ ಸವಾರಿ

ಕಾಲು ವಾಸಿಯಾದ ಮೇಲೆ ಯಜಮಾನರು ತಮ್ಮ ತಂಗಿಯ ಮಗನ ಮದುವೆಗೆ ಅವಳನ್ನು ಕರೆಸಿದರು. "ಮೆಲ್ಲಗೆ ನಡೆಸಿದರೆ ಸಾಕು ಮಾರಾಯ." ಮದುಮಗನನ್ನು ಕೂರಿಸಿ ಹಗ್ಗ ಹಿಡಿದು ಹೊರಟೆ. ಛತ್ರದ ಮುಂದೆ ವಾಲಗ ಜೋರಾಯಿತು, ಜನ ಚಪ್ಪಾಳೆ ತಟ್ಟಿದರು. ಬಾಗಿಲಿಗೆ ಅಡ್ಡಲಾಗಿ ಹೂವಿನ ಕುಂಡಗಳ ಸಾಲು. ರಾಣಿಯ ಕಿವಿ ನಿಮಿರಿದ್ದು ಕಂಡಿತು. ಹಗ್ಗ ಕೈಯಿಂದ ಜಾರಿತು.

ಒಂದು ಎಲೆಯೂ ಅಲುಗದಂತೆ ಹಾರಿ, ಅಂಗಳದಲ್ಲಿ ಇಳಿದು, ಕತ್ತೆತ್ತಿ ನಿಂತಳು. ತಮಿಳರಾದ ಹುಡುಗಿಯ ಅಪ್ಪ ಆರತಿ ತಟ್ಟೆ ಹಿಡಿದವರ ಕಡೆ ತಿರುಗಿ, "ಬೇಗ ಬನ್ನಿ, ಮಾಪಿಳ್ಳೈಗೆ ಅವಸರ!" ಎಂದು ಕೂಗಿದರು.

ನಾನು ಓಡಿಹೋಗಿ ಅವಳ ಕೊರಳು ಸವರಿದೆ. ಅವಳ ಮೈಯೆಲ್ಲ ನಡುಗುತ್ತಿತ್ತು, ಹೆದರಿಕೆಯಿಂದಲ್ಲ. ಪೇಟ ಕಣ್ಣಿಗಿಳಿದ ಮದುಮಗ ಅವಳ ಕೊರಳನ್ನು ಅಪ್ಪಿಕೊಂಡೇ ಕೇಳಿದ:

"ಅಣ್ಣಾ, ಇನ್ನೂ ಎಷ್ಟು ಬೇಲಿ ಉಂಟು?"

"ಇದೇ ಕೊನೆಯದು" ಅಂದೆ. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ರಾಣಿ ಮಾತ್ರ ಮುಂದಿನ ಬೇಲಿಗಾಗಿ ಛತ್ರದ ಒಳಗೆ ಕಣ್ಣು ಹಾಯಿಸುತ್ತಿದ್ದಳು.